ಶಾಂಡೀನಳನ್ನು ನಗಿಸಿದವನು

ಅಕ್ಕ ರೋಲೀನಳ ಮಗಳು ಶಾಂಡೀನ್‌ಗೆ ಮೂರು ತಿಂಗಳು ತುಂಬುತ್ತಿದ್ದಂತೆ ನಮ್ಮ ಮನೆಯವರೆಲ್ಲ ಮುಖ ಗಂಟು ಹಾಕಿಕೊಂಡು ಓಡಾಡತೊಡಗಿದೆವು. ಕೂಸು ಯಾವ ಗಳಿಗೆಯಲ್ಲಾದರೂ ಮೊದಲ ಸಲ ನಕ್ಕುಬಿಡಬಹುದಿತ್ತು. ಯಾರಿಂದ ನಗುತ್ತದೋ ಅವರು ಬಂಧುಬಳಗವನ್ನೆಲ್ಲ ಕರೆದು, ಕುರಿ ಕಡಿದು ಊಟ ಹಾಕಬೇಕು. ಕೂಸಿನ ಕೈ ಹಿಡಿದು ಬಂದವರಿಗೆಲ್ಲ ಉಪ್ಪು ಕೊಡಿಸಬೇಕು. ಊಟ ಹಾಕುವುದು ದೊಡ್ಡದಲ್ಲ ಬಿಡಿ, ನಗಿಸಿದವರ ಗುಣ ಕೂಸಿಗೆ ಬರುತ್ತದೆ ಎನ್ನುವುದು ದೊಡ್ಡದು. ಕೊಡುಗೈಯವರು ನಗಿಸಿದರೆ ಮಗುವಿಗೂ ಕೊಡುಗೈ. ಜಿಪುಣರು ನಗಿಸಿದರೆ ಆಮೇಲೆ ಜನ್ಮಪೂರ್ತಿ ಅನುಭವಿಸಬೇಕು.

ಅದಕ್ಕೇ ಅವ್ವ ತನ್ನ ತಮ್ಮ ಹೋಸ್ಕಿಯನ್ನು ಕೂಸನ್ನು ಕಟ್ಟಿ ಮಲಗಿಸುವ ತೊಟ್ಟಿಲ ಹಲಗೆಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಹೋಸ್ಕಿ ಮಾವ ಒಂದೇ ಕಾಫಿಪುಡಿಯನ್ನು ಮೂರು ಸಲ ಕುದಿಸುವ ಮನುಷ್ಯ.

"ನಿನ್ನ ಮೂತಿ ನೋಡಿ ಕೂಸು ನಕ್ಕುಬಿಟ್ರೆ ನಾನೆಲ್ಲಿಗೆ ಹೋಗ್ಲಿ? ಆ ಕಡೆ ತಿರುಗಿ ಕೂತ್ಕೋ."

"ನನ್ನ ಮೂತಿ ನೋಡಿ ಇದುವರೆಗೂ ಯಾರೂ ನಕ್ಕಿಲ್ಲ ಕಣಕ್ಕ. ಮಿಲಿಟರಿಲಿ ಅದಕ್ಕೇ ಮೆಡಲ್ ಕೊಟ್ರು."

ಇಬ್ಬರಿಗೂ ರಾಜಕೀಯದಲ್ಲೂ ಆಗಿಬರುತ್ತಿರಲಿಲ್ಲ. ಅವ್ವ ಕತ್ತೆ ಗುರುತಿನ ಪಕ್ಷದವಳು, ಮಾವ ಆನೆ ಗುರುತಿನ ಪಕ್ಷದವನು. ಅವ್ವ ಒಂದು ನಿಜವಾದ ಕತ್ತೆಯನ್ನೂ ಸಾಕಿದ್ದಳು. ಅದಕ್ಕೆ ವಾಷಿಂಡೂನ್ ಎಂದು ಹೆಸರಿಟ್ಟಿದ್ದಳು. ವಾಷಿಂಗ್ಟನ್ನಿಗೆ ನಮ್ಮ ಹಿರಿಯರು ಹೇಳುವುದೇ ಹಾಗೆ. ಅವರ ಬಾಯಲ್ಲಿ ಅದು ಊರಲ್ಲ, ಎಲ್ಲೋ ಮೂಡಣದಲ್ಲಿ ಕೂತಿರುವ ಒಬ್ಬ ಕಿವುಡ ಮುದುಕ. ವಾಷಿಂಡೂನ್ ಮಾತು ಕೊಟ್ಟಿದ್ದ, ವಾಷಿಂಡೂನ್ ಮರೆತ, ವಾಷಿಂಡೂನ್‌ಗೆ ಇನ್ನೊಂದು ಸಲ ಹೇಳಿ ನೋಡೋಣ. ಕತ್ತೆಗೆ ಯಾಕೆ ಆ ಹೆಸರು ಎಂದು ಕೇಳಿದರೆ ಅವ್ವ, "ಹೋಗು ಅಂದ ಕಡೆ ಹೋಗಲ್ಲ, ಬಾ ಅಂದಾಗ ಬರಲ್ಲ, ಮೇವು ಮಾತ್ರ ಹೊತ್ತಿಗೆ ಸರಿಯಾಗಿ ಬೇಕು" ಎನ್ನುತ್ತಿದ್ದಳು.

ಆ ಅಕ್ಟೋಬರಿನಲ್ಲಿ ಸೆನೆಟ್ ಚುನಾವಣೆ ಹತ್ತಿರ ಬಂದಿತ್ತು. ನಮ್ಮ ಕಡೆಯ ಓಟುಗಳ ಮೇಲೆ ಎರಡೂ ಪಕ್ಷಕ್ಕೆ ಒಮ್ಮೆಲೇ ಪ್ರೀತಿ ಉಕ್ಕುವ ಕಾಲ ಅದು. ಆನೆ ಪಕ್ಷದ ಅಭ್ಯರ್ಥಿ ವೆಂಡೆಲ್ ಹಾಲ್ವರ್ಸನ್ ಎಂಬಾತ ನಮ್ಮ ಪಂಚಾಯ್ತಿ ಮನೆಗೆ ಬರುತ್ತಾನೆಂದು ತಿಳಿಯಿತು. ಭಾಷಾಂತರಕ್ಕೆ ನನ್ನನ್ನು ಕರೆದರು. ನಾನು ಶಾಲೆಯಲ್ಲಿ ನಮ್ಮ ನುಡಿ ಕಲಿಸುವವಳು. ಯಾರು ಬಂದರೂ, ಏನು ಹೇಳಿದರೂ, ಅಜ್ಜಿಯಂದಿರಿಗೆ ತಿಳಿಯುವ ಹಾಗೆ ಹೇಳುವ ಹೊರೆ ನನ್ನದು.

ಹಾಲ್ವರ್ಸನ್ ಬಂದ. ಐವತ್ತು ದಾಟಿದ ವಯಸ್ಸು, ತಾಳೆಮರದಂಥ ಎತ್ತರ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಹಿಂದೆ ಒಬ್ಬ ಕ್ಯಾಮೆರಾದವನು ಮತ್ತು ಪೈಜ್ ಎಂಬ ಕಾರ್ಯದರ್ಶಿ ಹುಡುಗಿ. ಅವ್ವ ಮೊದಲ ಸಾಲಿನಲ್ಲೇ ಕೂತಿದ್ದಳು, ಮೈತುಂಬ ಹಸಿರುಕಲ್ಲಿನ ಒಡವೆ, ತೊಡೆಯ ಮೇಲೆ ಶಾಂಡೀನ್. ಅವಳು ಅವನ ಮಾತು ಕೇಳಲು ಬಂದಿರಲಿಲ್ಲ. ನಮ್ಮ ರಸ್ತೆಯ ವಿಷಯ ಎತ್ತಿ ಅವನ ನೀರಿಳಿಸಲು ಬಂದಿದ್ದಳು.

ಅವನು ಶುರುಮಾಡಿದ. ನಾನೂ ಶುರುಮಾಡಿದೆ. ಅವನು ಮೂಲಸೌಕರ್ಯ ಎಂದ. ನಮ್ಮ ನುಡಿಯಲ್ಲಿ ಅದಕ್ಕೆ ಪದವಿಲ್ಲ. "ರಸ್ತೆ, ನೀರು, ಕರೆಂಟು, ಅಂದ್ರೆ ನಮ್ಮಲ್ಲಿ ಏನೇನು ಇಲ್ವೋ ಅದು" ಎಂದೆ. ಅಜ್ಜಿಯಂದಿರು ತಲೆದೂಗಿದರು. ಅವನು ತನ್ನ ಆಡಳಿತ ಪಾರದರ್ಶಕವಾಗಿರುತ್ತದೆ ಎಂದ. "ಇವರ ಮೂಲಕ ನೋಡಿದ್ರೆ ಆಚೆ ಇರೋದೆಲ್ಲ ಕಾಣುತ್ತಂತೆ" ಎಂದೆ. ಮುಂದಿನ ಸಾಲಿನವರು ಕತ್ತು ಓರೆ ಮಾಡಿ ಅವನ ಬೆನ್ನ ಹಿಂದೆ ಏನಿದೆ ಎಂದು ನೋಡಿದರು. ಕ್ಯಾಮೆರಾದವನು ಪಾಪ, ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ.

ಕೊನೆಗೆ ಹಾಲ್ವರ್ಸನ್ ಕಾಗದ ಮಡಚಿಟ್ಟು, ನಮ್ಮ ನುಡಿಯಲ್ಲೇ ಒಂದು ವಾಕ್ಯ ಹೇಳುತ್ತೇನೆಂದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನಂತೆ. ಈ ನೆಲದ ಮೂಲನಿವಾಸಿಗಳಾದ ನಾವು ನಮ್ಮನ್ನು ಕರೆದುಕೊಳ್ಳುವುದು ದಿನೆ ಎಂದು. ದಿಬೆ ಎಂದರೆ ಕುರಿ. ಒಂದೇ ಅಕ್ಷರದ ಅಂತರ. ಅವನು ಎದೆ ಮೇಲೆ ಕೈಯಿಟ್ಟು, ಕಣ್ಣು ಅರೆಮುಚ್ಚಿ, "ನಿಮ್ಮನ್ನು ನೋಡಿ ಎದೆ ತುಂಬಿ ಬಂತು, ನನ್ನ ಪ್ರೀತಿಯ ದಿಬೆಗಳೇ" ಎಂದ.

ಸಭೆ ಗಪ್‌ಚಿಪ್. ನಮ್ಮವರು ಅತಿಥಿಯ ಮುಖದ ಮೇಲೆ ನಗುವುದಿಲ್ಲ. ಮೂಲೆಯಲ್ಲಿ ಹೋಸ್ಕಿ ಮಾವ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡ. ಅವನ ಭುಜಗಳು ಕುಣಿಯುತ್ತಿದ್ದವು.

ಹಾಲ್ವರ್ಸನ್ ನನ್ನ ಕಡೆ ಬಾಗಿದ. "ಏನಾಯ್ತಮ್ಮ? ತಪ್ಪು ಹೇಳಿದ್ನಾ?"

"ತಪ್ಪೇನಿಲ್ಲ. ಎಲ್ಲರನ್ನೂ ಕುರಿಗಳೇ ಅಂದ್ರಿ."

ಅವನ ಕಿವಿಗಳು ಮೆಣಸಿನಕಾಯಿ ಆದವು. ಇನ್ನು ಇದನ್ನು ಬಾಯಿಪಾಠ ಮಾಡಿಸಿದ ಪೈಜಳ ಮೇಲೆ ರೇಗುತ್ತಾನೆ, ಇಲ್ಲವೇ ಏನೋ ಜೋಕು ಎಂದು ತೇಲಿಸುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಸಭೆಯ ಕಡೆ ತಿರುಗಿ, ಕತ್ತು ಮೇಲೆತ್ತಿ, "ಬ್ಯಾ... ಆ... ಆ" ಎಂದು ಅರಚಿದ. ಸುಮ್ಮನೆ ಅಣಕಿಸುವ ಅರಚಲ್ಲ ಅದು. ಮರಿ ತಪ್ಪಿಸಿಕೊಂಡ ತಾಯಿಕುರಿ ಗಂಟಲು ನಡುಗಿಸಿ ಕೂಗುತ್ತದಲ್ಲ, ಥೇಟ್ ಹಾಗೆ. ಹೊರಗೆ ಕಟ್ಟಿದ್ದ ಯಾರದೋ ನಾಯಿ ಗಾಬರಿಯಿಂದ ಬೊಗಳಿತು.

ಶಾಂಡೀನ್ ನಕ್ಕಳು.

ಬಾಯಗಲಿಸಿ, ಕಾಲು ಒದೆದು, ಹೊಟ್ಟೆಯಾಳದಿಂದ ಕಿಲಕಿಲ ನಗು. ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ನಕ್ಕಳು. ಅವ್ವ ಮಗುವನ್ನು ನೋಡಿದಳು, ಅವನನ್ನು ನೋಡಿದಳು, ಮೇಲೆ ಮಾಡು ನೋಡಿದಳು. ನಾವು ಬೆರಳು ಮಾಡಿ ತೋರಿಸುವುದಿಲ್ಲ, ತುಟಿ ಚಾಚಿ ತೋರಿಸುತ್ತೇವೆ. ಇಡೀ ಸಭೆ ಒಟ್ಟಿಗೆ ತುಟಿ ಚಾಚಿ ಅವನ ಕಡೆ ತೋರಿಸಿತು. ಇವನೇ, ಇವನೇ.

"ಇವರೆಲ್ಲ ಯಾಕೆ ನಂಗೆ ಮುತ್ತು ಕೊಡ್ತಿದಾರೆ?" ಎಂದು ಹಾಲ್ವರ್ಸನ್ ಪಿಸುಗುಟ್ಟಿದ.

ನಾನು ಪದ್ಧತಿ ಏನೆಂದು ಹೇಳಿದೆ. ಅವನು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕುರ್ಚಿಯಲ್ಲಿ ಕೂತ. ಪೈಜ್ ಮಾತ್ರ ಎದ್ದು ನಿಂತಳು.

"ಆಗಲ್ಲ. ಓಟಿಗೆ ಮುಂಚೆ ಓಟುದಾರರಿಗೆ ಕುರಿ ಊಟ ಹಾಕಿ, ಮೇಲೆ ಕೈಗೆ ಉಡುಗೊರೆ ಬೇರೆ ಕೊಟ್ರೆ ಲಂಚ ಅಂತಾರೆ. ಆ ಕಡೆಯವರು ಸುಮ್ನೆ ಬಿಡ್ತಾರಾ?"

ಅವ್ವನಿಗೆ ಇದನ್ನು ಹೇಳಿದೆ. ಅವ್ವ ಪೈಜಳನ್ನು ಕರುಣೆಯಿಂದ ನೋಡಿದಳು.

"ಕೊಡೋದು ಇವನಲ್ಲ ಅಂತ ಹೇಳು ಆ ಹುಡುಗಿಗೆ. ಕೊಡೋದು ಕೂಸು. ಇವನು ಬರೀ ಕೈ ಹಿಡ್ಕೊಳ್ಳೋನು. ಕೂಸು ಯಾವ ಚುನಾವಣೆಗೂ ನಿಂತಿಲ್ಲ."

ಪೈಜ್ ಮೆಲ್ಲಗೆ ಕೂತಳು. ಹೋಸ್ಕಿ ಮಾವನಿಗಂತೂ ಹಬ್ಬ. "ನೋಡ್ದಾ ಅಕ್ಕಾ, ನಮ್ಮ ಪಕ್ಷದವನೇ ನಗಿಸಿದ."

"ಅದೇ ಕಣೋ ನನ್ನ ಸಂಕಟ. ಆನೆ ಪಕ್ಷ, ಅದರ ಮೇಲೆ ರಾಜಕಾರಣಿ. ಇದರ ಬದಲು ನೀನೇ ನಗಿಸಿದ್ರೂ ಆಗ್ತಿತ್ತು. ನಾಳೆ ಕೂಸು ಬರ್ತೀನಿ ಅಂತ ಹೇಳಿ ಬರದೇ ಇರೋದು, ಕೊಡ್ತೀನಿ ಅಂತ ಹೇಳಿ ಕೊಡದೇ ಇರೋದು ಕಲಿತ್ರೆ?"

"ಕತ್ತೆ ಬುದ್ಧಿ ಬರೋದಕ್ಕಿಂತ ವಾಸಿ."

ಅವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹಾಲ್ವರ್ಸನ್‌ಗೆ ಮೂರು ಮಾತು ಹೇಳಿಸಿದಳು. ಕ್ಯಾಮೆರಾ ತರಬಾರದು. ಭಾಷಣ ಮಾಡಬಾರದು. ಮತ್ತೆ, ಉಪ್ಪು ಕೊಡಿಸುವ ದಿನದ ತನಕ ಒಂದೇ ಒಂದು ಸುಳ್ಳು ಹೇಳಬಾರದು, ಕೂಸಿಗೆ ತಟ್ಟುತ್ತದೆ.

"ಪ್ರಚಾರ ಇನ್ನೂ ನಡೀತಿದೆ" ಎಂದಳು ಪೈಜ್, ಕ್ಷೀಣ ದನಿಯಲ್ಲಿ.

ಹಾಲ್ವರ್ಸನ್ ಅವ್ವನ ತೊಡೆಯ ಮೇಲಿದ್ದ ಕೂಸನ್ನೇ ನೋಡುತ್ತಿದ್ದ. ಅದು ಇನ್ನೂ ಅವನನ್ನು ನೋಡಿ ಬಾಯಗಲಿಸುತ್ತಿತ್ತು. "ಭಾನುವಾರ ಬೆಳಗ್ಗೆ ಬರ್ತೀನಿ" ಎಂದ.

"ಬೆಳಗ್ಗೆ ಅಂದ್ರೆ ಯಾರ ಬೆಳಗ್ಗೆ ಕೇಳು. ನಮ್ಮದಾ, ವಾಷಿಂಡೂನ್‌ದಾ?"

"ನಿಮ್ಮದೇ ತಾಯಿ."

ಆ ವಾರ ನಮ್ಮ ಮನೆಯಲ್ಲಿ ರೇಡಿಯೋ ಆರಲಿಲ್ಲ. ಅವ್ವ ಕಿವಿಯನ್ನು ಅದಕ್ಕೆ ಅಂಟಿಸಿಕೊಂಡು ಕೂತಿದ್ದಳು, ಸುಳ್ಳು ಹಿಡಿಯಲು. ಬುಧವಾರ ಎದುರಾಳಿಯ ಜೊತೆ ಅವನ ಚರ್ಚೆ ಇತ್ತು. ಗಣಿಗಳ ಬಗ್ಗೆ ನಿಮ್ಮ ಯೋಜನೆಯೇನು ಎಂದು ಕೇಳಿದರು. ಕಾಗದ ತಿರುವಿದ ಸದ್ದು. ಆಮೇಲೆ ಹಾಲ್ವರ್ಸನ್ನನ ದನಿ: "ಯೋಜನೆ ಇದೆ. ನಾನು ಇನ್ನೂ ಪೂರ್ತಿ ಓದಿಲ್ಲ." ಎದುರಾಳಿಯ ಬಗ್ಗೆ ಏನೆನ್ನುತ್ತೀರಿ ಎಂದರೆ, "ಒಳ್ಳೇ ಮನುಷ್ಯ. ನನಗಿಂತ ಚೆನ್ನಾಗಿ ಮಾತಾಡ್ತಾರೆ" ಎಂದ. ಯಾಕೆ ಸೆನೆಟ್‌ಗೆ ನಿಂತಿರಿ ಎಂದು ಕೇಳಿದ್ದಕ್ಕೆ, "ಮೊದಲು ದೇಶಸೇವೆ ಅಂತಾನೇ ನಿಂತೆ. ನಡುವೆ ಎಲ್ಲೋ ಗೆಲ್ಲೋ ಹುಚ್ಚು ಹಿಡೀತು" ಎಂದುಬಿಟ್ಟ. ಹೋಸ್ಕಿ ಮಾವ ತಲೆ ಚಚ್ಚಿಕೊಂಡ. "ಅಕ್ಕಾ, ನಿನ್ನಿಂದ ನಮ್ಮ ಪಕ್ಷ ಮುಳುಗಿಹೋಯ್ತು." ಅವ್ವ ಮಗುವಿನ ಕೆನ್ನೆ ಸವರಿ, "ಸದ್ಯಕ್ಕೆ ಪರವಾಗಿಲ್ಲ" ಎಂದಳು.

ಶನಿವಾರ ಮಧ್ಯಾಹ್ನದಿಂದ ಸುರಿದ ಮಳೆ ಬೆಳಗಿನ ಜಾವದ ತನಕ ಹೊಡೆಯಿತು. ನಮ್ಮ ಕೆಂಪುಮಣ್ಣಿನ ದಾರಿ ಪಾಯಸವಾಯಿತು. ಆದರೂ ಸೂರ್ಯ ಮೇಲೇಳುವಷ್ಟರಲ್ಲಿ ನೆಂಟರು ಬಂದು ಸೇರಿದ್ದರು, ಹತ್ತಿರದವರು ಕುದುರೆಯ ಮೇಲೆ, ಕೆಲವರು ಮಂಡಿತನಕ ಕೆಸರು ಮೆತ್ತಿಕೊಂಡು ನಡೆದು. ಮಳೆಗೆ ಹೆದರಿ ನೆಂಟರ ಊಟ ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಹುಟ್ಟಿಲ್ಲ. ಹೆಂಗಸರು ರೊಟ್ಟಿ ಕರಿಯಲು ಎಣ್ಣೆ ಇಟ್ಟರು. ನೀಲಿಜೋಳದ ಗಂಜಿ ಕುದಿಯುತ್ತಿತ್ತು. ನಗಿಸಿದವನು ಮಾತ್ರ ಪತ್ತೆಯಿಲ್ಲ.

"ಬರಲ್ಲ ಬಿಡು" ಎಂದಳು ನನ್ನ ಅಕ್ಕ, ಮಗುವನ್ನು ಅಪ್ಪಿಕೊಂಡು. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಮಗಳು ಜನ್ಮವೆಲ್ಲ ಹೀಗೇ ಎಲ್ಲರನ್ನೂ ಕಾಯಿಸ್ತಾಳೆ."

ಅಷ್ಟರಲ್ಲಿ ಮಾವನ ಫೋನಿಗೆ ಕರೆ ಬಂತು. ಹಾಲ್ವರ್ಸನ್ನನ ದೊಡ್ಡ ಕಾರು ಹಳ್ಳದ ಹತ್ತಿರ ಅಚ್ಚಿನ ತನಕ ಹೂತುಹೋಗಿತ್ತು. ಅದನ್ನು ಎಳೆಯಲು ಹೋದ ನೆರೆಯವರ ಪಿಕಪ್ಪೂ ಅದರ ಪಕ್ಕದಲ್ಲೇ ಕೂತಿತ್ತು. ಮಾವ ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ ಅವ್ವನ ಕತ್ತೆಯ ಹಗ್ಗ ಬಿಚ್ಚಿದ.

ಮುಕ್ಕಾಲು ಗಂಟೆ ಕಳೆದ ಮೇಲೆ ದಿಣ್ಣೆಯ ಮೇಲೆ ಅವರು ಕಂಡರು. ನಾನು ಅಂಥ ಮೆರವಣಿಗೆಯನ್ನು ಇನ್ನೊಮ್ಮೆ ನೋಡಲಾರೆ. ಮುಂದೆ ಆನೆ ಪಕ್ಷದ ಟೋಪಿ ಹಾಕಿದ ಹೋಸ್ಕಿ ಮಾವ, ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ವಾಷಿಂಡೂನ್, ಎರಡು ಹೆಜ್ಜೆಗೊಮ್ಮೆ ನಿಂತು ಯೋಚಿಸುತ್ತ. ಅದರ ಬೆನ್ನ ಮೇಲೆ ಸೆನೆಟ್ ಅಭ್ಯರ್ಥಿ, ಹಣೆಯಿಂದ ಪಾದದ ತನಕ ಕೆಂಪು ಕೆಸರು, ಉದ್ದ ಕಾಲುಗಳು ನೆಲಕ್ಕೆ ಗೀರು ಹಾಕುತ್ತ, ಎದೆಗೆ ಅವಚಿಕೊಂಡ ಉಪ್ಪಿನ ಗಂಟು ಮಾತ್ರ ಹನಿ ತಾಗದ ಹಾಗೆ ಕೋಟಿನೊಳಗೆ. ಹಿಂದೆ ಪೈಜ್, ಚಪ್ಪಲಿ ಕೈಯಲ್ಲಿ. ಅವಳಿಗೂ ಹಿಂದೆ ಕೊಬ್ಬಿದ ಒಂದು ಕುರಿ. ಅದನ್ನು ಹಾಲ್ವರ್ಸನ್ ದಾರಿಯಲ್ಲಿ ಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ.

"ಆನೇನ ಕತ್ತೆ ಹೊತ್ಕೊಂಡು ಬಂತು" ಎಂದು ಯಾರೋ ಅಂದರು. ಅಷ್ಟೇ. ಅಜ್ಜಿಯಂದಿರು ಒಬ್ಬರ ಮೇಲೊಬ್ಬರು ಒರಗಿ ನಕ್ಕರು. ಅವ್ವ ಕಂಬ ಹಿಡಿದು ನಿಂತಳು, ನಗೆ ತಡೆಯಲಾಗದೆ ಕಂಬ ಬಿಟ್ಟು ನೆಲಕ್ಕೇ ಕೂತಳು. ನನ್ನ ಪಕ್ಕೆ ಹಿಡಿದುಕೊಂಡಿತು. ಹಾಲ್ವರ್ಸನ್‌ಗೆ ತನ್ನ ಸ್ಥಿತಿಯ ಅರ್ಥ ಈಗ ಹೊಳೆಯಿತು. ಕತ್ತೆಯನ್ನು ನೋಡಿದ, ತನ್ನ ಕೋಟಿಗೆ ಚುಚ್ಚಿದ್ದ ಆನೆಯನ್ನು ನೋಡಿದ, ಜಾರಿ ಇಳಿಯುವಷ್ಟು ನಕ್ಕ, ಜಾರಿಯೂ ಇಳಿದ. ಪೈಜ್ ಅಭ್ಯಾಸಬಲದಿಂದ ಫೋನು ಮೇಲೆತ್ತಿದವಳು ಅವ್ವನ ಮುಖ ನೋಡಿ ಇಳಿಸಿ, ಜೇಬಿಗೆ ಹಾಕಿಕೊಂಡಳು.

"ನಮ್ಮಪ್ಪ ಈ ಫೋಟೋ ಸಿಕ್ಕಿದ್ರೆ ಫ್ರೇಮ್ ಹಾಕಿಸ್ತಿದ್ರು" ಎಂದಳು ನನಗೆ. "ಅವರು ಕತ್ತೆ ಪಕ್ಷ."

ಕುರಿ ಕಡಿಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಅವ್ವ ಕತ್ತಿ ಹಿರಿದು, ಕಾಲು ಹಿಡಿಯಲು ಹಾಲ್ವರ್ಸನ್‌ನನ್ನು ಕರೆದಳು. ಅವನ ಮುಖ ಬಿಳಿಚುವುದನ್ನು ನೋಡೋಣ ಎಂದು ಎಲ್ಲರೂ ಸುತ್ತ ನೆರೆದೆವು. ಅವನು ಕೆಸರಲ್ಲೇ ಮಂಡಿಯೂರಿ, ಕುರಿಯ ಕತ್ತು ನೇವರಿಸಿ, ಏನೋ ಗೊಣಗಿ ಸಮಾಧಾನ ಮಾಡಿ, ಕಾಲು ಹಿಡಿಯಬೇಕಾದ ರೀತಿಯಲ್ಲೇ ಹಿಡಿದ. ಅವ್ವ ಹುಬ್ಬೇರಿಸಿದಳು.

"ಎಲ್ಲಿ ಕಲಿತೆ?"

"ಅಜ್ಜಿ ಮನೇಲಿ. ಅಮ್ಮನ ಅಮ್ಮ. ಕುರಿ ಸಾಕಿದ್ರು. ತಬ್ಬಲಿ ಮರಿಗಳಿಗೆ ಬಾಟ್ಲಿ ಹಾಲು ಕುಡಿಸೋದು ನನ್ನ ಕೆಲಸ. ಮರಿ ಬಾಯಿ ತೆರೀದಿದ್ರೆ ತಾಯಿ ಥರ ಕೂಗು ಅಂತ ಅವರೇ ಹೇಳ್ಕೊಟ್ಟಿದ್ದು."

"ಹೆಸರೇನು ನಿನ್ನ ಅಜ್ಜಿದು?"

"ಇಂಗಬೋರ್ಗ್" ಎಂದ. "ಈ ಹೆಸರು ನಾನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷ ಆಯ್ತೋ. ಹಳ್ಳಿ ಹೆಸರು, ಭಾಷಣಕ್ಕೆ ಹೊಂದಲ್ಲ ಅಂತ ಬಿಟ್ಟಿದ್ದೆ."

ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ. ಇಬ್ಬರು ಎದುರಾದರೆ ಮೊದಲು ತಾಯಿಯ ಕುಲ, ಆಮೇಲೆ ಉಳಿದದ್ದು. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವನ ತಾಯಿ ಕಡೆಯವರು ಕುರಿಯವರು. ನಮ್ಮಲ್ಲೂ ಕುರಿ ಕುಲದವರಿದ್ದಾರೆ. ಸಭೇಲಿ ಇವನು ಹೇಳಿದ್ದು ತಪ್ಪಲ್ಲ ಕಣ್ರೇ, ನೆಂಟಸ್ತನ ಹೇಳ್ಕೊಂಡಿದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕುರಿ ಕುಲದ ಮುದುಕನೊಬ್ಬ ದೂರದಿಂದಲೇ, "ನಮ್ಮ ತಲೆಗೆ ಕಟ್ಟಬೇಡಮ್ಮ" ಎಂದ.

ಹೋಗನ್ ಎಂದರೆ ಮರ ಮಣ್ಣಿನ ನಮ್ಮ ದುಂಡು ಮನೆ, ಅದರೊಳಗೆ ಮೂಡಲ ಬಾಗಿಲಿನಿಂದ ಬಿಸಿಲು ಬಿದ್ದಿತ್ತು. ಹಾಲ್ವರ್ಸನ್ ಮುಖ ಕೈ ತೊಳೆದು, ಮಾವನ ಅಂಗಿ ತೊಟ್ಟು ಕೂತ. ಅಂಗಿಯ ತೋಳು ಮೊಣಕೈಗೆ ಮುಗಿದಿತ್ತು. ಶಾಂಡೀನಳನ್ನು ತೊಡೆಯ ಮೇಲೆ ಇಟ್ಟರು. ಅವನು ಅವಳ ಪುಟ್ಟ ಮುಷ್ಟಿ ಬಿಡಿಸಿ, ಹರಳುಪ್ಪು ಹಿಡಿಸಿ, ಬಂದವರ ಅಂಗೈಗೆ ಹಾಕಿಸತೊಡಗಿದ. ಆನೆಯವರು ಬಂದರು, ಕತ್ತೆಯವರು ಬಂದರು, ಯಾರಿಗೂ ಓಟೇ ಹಾಕದ ನಮ್ಮ ದೊಡ್ಡಪ್ಪ ಬಂದ. ಎಲ್ಲರೂ ಉಪ್ಪು ನಾಲಿಗೆಗಿಟ್ಟು, ಕೂಸಿಗೆ ಒಳ್ಳೆಯ ಮಾತು ಹೇಳಿ ಮುಂದೆ ಸರಿದರು. ಹೋಸ್ಕಿ ಮಾವನ ಸರದಿ ಬಂದಾಗ ಶಾಂಡೀನ್ ಮುಷ್ಟಿ ಬಿಡಲೇ ಇಲ್ಲ.

"ನೋಡು, ಯಾರ್ಯಾರಿಗೆ ಎಷ್ಟೆಷ್ಟು ಅಂತ ಕೂಸಿಗೆ ಆಗಲೇ ಗೊತ್ತು" ಎಂದಳು ಅವ್ವ.

ಕೊನೆಗೆ ಅವ್ವನೇ ಬಂದು ಕೂತಳು. ಉಪ್ಪು ತೆಗೆದುಕೊಂಡ ಮೇಲೂ ಏಳಲಿಲ್ಲ. ನನಗೆ ಭಾಷಾಂತರಿಸು ಎಂದು ಸನ್ನೆ ಮಾಡಿ ಹಾಲ್ವರ್ಸನ್‌ಗೆ ಹೇಳಿದಳು: "ನಮ್ಮಪ್ಪ ಈ ದೇಶಕ್ಕೋಸ್ಕರ ಯುದ್ಧಕ್ಕೆ ಹೋಗಿ ಬಂದ. ಬಂದ ಮೇಲೆ ಅದೇ ಬಟ್ಟೇಲಿ ಓಟು ಹಾಕಕ್ಕೆ ಹೋದ. ನಿಂಗೆ ಓಟಿಲ್ಲ ಅಂತ ವಾಪಸ್ ಕಳಿಸಿದ್ರು. ಆಮೇಲೆ ಓಟು ಕೊಟ್ರು ಅನ್ನು. ಅಪ್ಪ ಸಾಯೋ ತನಕ ಒಂದೂ ತಪ್ಪಿಸಲಿಲ್ಲ, ಕುದುರೆ ಮೇಲೆ ಹೋಗಿ ಹಾಕಿ ಬರ್ತಿದ್ದ. ಯಾಕಪ್ಪಾ ಹೋಗ್ತೀಯ, ವಾಷಿಂಡೂನ್ ಕಿವುಡ ಅಲ್ವಾ ಅಂದ್ರೆ, ಕಿವುಡರ ಹತ್ರ ಜೋರಾಗಿ ಮಾತಾಡಬೇಕು ಮಗಳೇ ಅನ್ನೋನು."

ಹಾಲ್ವರ್ಸನ್ ಬಾಯಿ ತೆರೆದ. ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ಪದ ಹುಡುಕಿಟ್ಟುಕೊಂಡೆ. ಅವನು ಬಾಯಿ ಮುಚ್ಚಿದ. ಭಾಷಣ ಇಲ್ಲ ಎನ್ನುವುದು ನೆನಪಾಗಿರಬೇಕು. ಕೂಸಿನ ಕೈಯಿಂದ ಇನ್ನೊಂದು ಹರಳು ಉಪ್ಪು ಅವ್ವನ ಅಂಗೈಗೆ ಹಾಕಿಸಿದ. ಅವನ ಕೆನ್ನೆ ಒದ್ದೆಯಾಗಿತ್ತು. ಉಪ್ಪಿನ ಕೈಯಲ್ಲೇ ಒರೆಸಿಕೊಂಡು ಕಣ್ಣು ಉರಿಸಿಕೊಂಡ. ನೀರು ತಂದು ತೊಳೆಸುವಷ್ಟರಲ್ಲಿ ಮತ್ತೆ ಎಲ್ಲರಿಗೂ ನಗು.

ಚುನಾವಣೆಯ ದಿನ ಅವ್ವ ಎಲ್ಲ ಒಡವೆ ಹಾಕಿಕೊಂಡು ಹೋಗಿ ಬಂದಳು. ಯಾರಿಗೆ ಹಾಕಿದೆ ಎಂದು ಮಾವ ಬಾಗಿಲಲ್ಲೇ ಅಡ್ಡಹಾಕಿದ.

"ಓಟು ಗುಟ್ಟಿನ ವಿಷಯ."

"ಉಪ್ಪು ತಿಂದಿದೀಯ ಅಕ್ಕಾ."

"ಕೂಸಿನ ಕೈಯಿಂದ ತಿಂದಿದೀನಿ. ಕೂಸು ನಿಂತಾಗ ಕೂಸಿಗೆ ಹಾಕ್ತೀನಿ."

ಹಾಲ್ವರ್ಸನ್ ಗೆದ್ದ, ಕೂದಲೆಳೆಯಲ್ಲಿ. ಆ ಚರ್ಚೆಯಲ್ಲಿ ಅವನು ಸುಳ್ಳು ಹೇಳದೆ ಕೂತದ್ದೇ ಜನರಿಗೆ ಹಿಡಿಸಿತು ಎಂದು ಟೀವಿಯವರು ಹೇಳಿದರು. ಅದರ ಹಿಂದೆ ಯಾರ ಕೈವಾಡವಿತ್ತು ಎಂದು ಅವರಿಗೆ ತಿಳಿಯದು. ಅವ್ವನ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಶಾಂಡೀನ್ ಬೆಳೆಯುತ್ತ ಹೋದಂತೆ ಅವಳ ಒಂದೊಂದು ನಡೆಗೂ ವಾಷಿಂಗ್ಟನ್ನಿಗೆ ಫೋನು ಹೋಗತೊಡಗಿತು. ಫೋನು ಹಚ್ಚಿ ಮಾತಾಡುವವಳು ನಾನು. ಆ ಕಡೆ ಎತ್ತುವವಳು ಪೈಜ್.

"ಶಾಂಡೀನ್ ನಿನ್ನೆಯಿಂದ ಬಿಸ್ಕತ್ತು ಯಾರಿಗೂ ಕೊಡ್ತಿಲ್ಲ. ಅವ್ವ ಕೇಳ್ತಿದಾಳೆ, ಸೆನೆಟರು ನಿನ್ನೆ ಯಾವುದಕ್ಕೆ ಬೇಡ ಅಂದ್ರು?"

ಆ ಕಡೆ ಕಾಗದ ಸರಿದಾಡುವ ಸದ್ದು. "ಶಾಲೆ ಮಕ್ಕಳ ಊಟದ ವಿಷಯ" ಎಂದಳು ಪೈಜ್, ತಗ್ಗಿದ ದನಿಯಲ್ಲಿ. ಮುಂದಿನ ವಾರ ಅದೇ ವಿಷಯ ಮತ್ತೆ ಬಂದಾಗ ಅವನು ಹೂಂ ಎಂದನಂತೆ. ಬಿಸ್ಕತ್ತಿಗೂ ಸೆನೆಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವ್ವ ನನ್ನನ್ನು ಶಾಲೆ ಓದಿ ಕೆಟ್ಟವಳು ಎಂದಳು.

ಎರಡನೇ ಚಳಿಗಾಲಕ್ಕೆ ಶಾಂಡೀನ್ ನಡೆಯುತ್ತಿದ್ದಳು, ಕೈಗೆ ಸಿಕ್ಕಿದ್ದನ್ನು ಎದುರು ಬಂದವರಿಗೆ ಕೊಡುತ್ತಿದ್ದಳು. ಅಕ್ಕನ ಸ್ಕಾರ್ಫು ನೆರೆಯವರಿಗೆ. ಮಾವನ ಕಾಫಿಪುಡಿ ಡಬ್ಬಿ, ಹೊಚ್ಚ ಹೊಸದು, ನಮ್ಮ ಮೇಕೆಗಳಿಗೆ. ಹೋದ ತಿಂಗಳು ಅವ್ವನ ಹಸಿರುಕಲ್ಲಿನ ಬಳೆ ನೀರಿನ ಟ್ಯಾಂಕರ್ ಓಡಿಸುವವನಿಗೆ ಹೋಯಿತು. ಅವನು ಅದನ್ನು ಹಿಂದಿರುಗಿಸಲು ಬಂದರೆ, ಕೂಸು ಕೊಟ್ಟದ್ದನ್ನು ವಾಪಸ್ ಇಸ್ಕೊಳ್ಳಬಾರದು ಎಂದು ಅವ್ವ ಹಲ್ಲು ಕಚ್ಚಿ ಹೇಳಿ ಕಳಿಸಿದಳು. ಅವನು ಅತ್ತ ಹೋಗುತ್ತಲೇ ಇತ್ತ ನನ್ನ ಕೈಗೆ ಫೋನು ತುರುಕಿದಳು.

ಈ ಸಲ ಹಾಲ್ವರ್ಸನ್ನನೇ ಎತ್ತಿದ. ಗದ್ದಲ ಕೇಳಿಸುತ್ತಿತ್ತು, ಯಾವುದೋ ಸಭೆಯ ನಡುವೆ ಇದ್ದ.

"ಏನಮ್ಮ, ಏನು ಮಾಡಿದ್ಲು ನನ್ನ ಮಗಳು?" ಎಂದ, ಉಸಿರು ಬಿಗಿಹಿಡಿದು.

ನಾನು ಅವ್ವನ ಕಡೆ ನೋಡಿದೆ. ಅವ್ವ ಬರಿದಾದ ಮಣಿಕಟ್ಟು ಸವರಿಕೊಳ್ಳುತ್ತ ಹೇಳಿದಳು.

"ಸ್ವಲ್ಪ ಕೈ ಬಿಗಿ ಹಿಡಿ ಅನ್ನು. ಇಷ್ಟೊಂದು ಧಾರಾಳ ಅವನ ಪಕ್ಷದವರಿಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ."